ಎಳೆಯೋ ಉಂಡೆಯೋ

ಕಂದು ಬಣ್ಣ ಚೆನ್ನಾಗಿಯೇ ಕೂತಿದೆ, ಮೈಕ್ರೋಸ್ಕೋಪಿನ ಫೋಕಸ್ ಇನ್ನೂ ಸ್ವಲ್ಪ ತಿರುಗಬೇಕು — ಹಾಂ, ಈಗ ಬಂತು ಕೋಶ, ನೀಲಿ ಕೋಶಕೇಂದ್ರ, ಪಕ್ಕದಲ್ಲಿ ಕಂದು ಹಿಡಿದ ಕೆರಾಟಿನ್, ಕೂದಲು ಉಗುರುಗಳಲ್ಲಿ ಇರುವ ಅದೇ ವಂಶದ ಎಳೆ, ಕಣ್ಣಿಗೆ ಕಾಣದ ಒಂದು ಕೋಶವನ್ನೂ ಕುಸಿಯದಂತೆ ಹಿಡಿದು ನಿಲ್ಲಿಸುವ ನೂಲು, ಯಾರು ನೂತರು ಇದನ್ನು, ಇಷ್ಟು ವರ್ಷ ನೋಡಿದರೂ ಮೈ ಜುಮ್ಮೆನ್ನುತ್ತದೆ, ಮತ್ತು ಇವತ್ತಿನದು ಅವ್ವನದು, ಅವ್ವನ ಮೂಗಿನ ಹಾದಿಯಿಂದ ತೆಗೆದ, ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿಯ ಗಡ್ಡೆಯ ಚೂರು. ರಜನಿ, ನಿಮ್ಮ ಅವ್ವಾರ್ದು ಸ್ಲೈಡ್ ನಾ ನೋಡ್ತೇನಿ, ನೀವು ಚಾ ಕುಡದ ಬರ್ರಿ, ಅಂದ ಮಿಲಿಂದ ಸರ್ ಲ್ಯಾಬಿನ ಬಾಗಿಲಲ್ಲೇ ನಿಂತಿದ್ದಾರೆ, ನಾನು ಏಳುತ್ತಿಲ್ಲ. ನಮ್ಮೂರು ಗರಗದ ಮನೆಯಲ್ಲಿ ಚರಕದ ಮುಂದೆ ಅವ್ವ, ಹಂಜಿಯಿಂದ ಎಳೆ ಹೊರಡುತ್ತಿತ್ತು, ಹತ್ತಿಯೊಳಗೆ ಎಲ್ಲಿತ್ತು ಅದು ಎಂದು ಬಾಯಿ ಬಿಟ್ಟು ನೋಡುತ್ತಿದ್ದೆ, ಆಮೇಲೆ ಆ ಬೆರಳುಗಳೇ ದಪ್ಪವಾದವು, ಎಳೆ ಹರಿಯತೊಡಗಿತು, ಹತ್ತೀನ ಛಲೋ ಇಲ್ಲ ಬಿಡು, ಅನ್ನುತ್ತ ಹರಿದ ತುಂಡುಗಳನ್ನು ಸುತ್ತಿ ಉಂಡೆ ಮಾಡಿ ಉಡಿಯಲ್ಲಿ ಇಟ್ಟುಕೊಳ್ಳುತ್ತಿದ್ದಳು, ಬಳೆ ತೊಡಿಸಲು ಬಂದ ಹುಸೇನಬಿ, ಯವ್ವಾರ, ಈ ವಯಸ್ಸಿನ್ಯಾಗ ನಿಮ್ಮ ಕೈ ಬೆಳ್ಯಾಕತ್ತಾವಲ್ರಿ, ಅಂದಾಗ ಎಲ್ಲರೂ ನಕ್ಕೆವು, ಬೆಳೆಯುತ್ತಲೇ ಇದ್ದವು, ಬೆಳವಣಿಗೆಯ ಹಾರ್ಮೋನನ್ನು ಸುರಿಯುತ್ತಿದ್ದದ್ದು ಈ ಪುಟ್ಟ ಕೋಶಗಳು. ಗಡ್ಡೆ ಪೂರ್ತಿ ಬರಲಿಲ್ಲ, ಸ್ವಲ್ಪ ಉಳಿದಿದೆ, ಉಳಿದದ್ದಕ್ಕೆ ಏನು ಮಾಡುವುದೆಂದು ಈ ಎಳೆಗಳನ್ನೇ ಕೇಳಬೇಕು, ಕೇಂದ್ರದ ಸುತ್ತ ಬಲೆಯಾಗಿ ಹರಡಿದ್ದರೆ ತಿಂಗಳಿಗೊಂದು ಇಂಜೆಕ್ಷನ್ ಸಾಕಾದೀತು, ಒಂದೇ ಕಡೆ ಉಂಡೆಯಾಗಿ ಸುತ್ತಿಕೊಂಡಿದ್ದರೆ ಗಡ್ಡೆ ಇಂಜೆಕ್ಷನ್ನಿಗೆ ಸುಲಭವಾಗಿ ಬಗ್ಗುವುದಿಲ್ಲ, ಬಹುಶಃ ಮತ್ತೆ ಆಪರೇಷನ್. ನಿನ್ನೆ ಇದನ್ನು ಹೇಳಿದಾಗ ಅವ್ವನ ಮುಖವೇ ಅರಳಿತು, ಖರೇ ಏನ? ನನ್ನ ತಲಿಯಾಗೂ ನೂಲ ಐತೇನ? ಭಯ ಆಮೇಲೆ ಬಂತು, ಆ ದೊಡ್ಡ ಕೈಯಿಂದ ನನ್ನ ಕೈ ಹಿಡಿದು, ಇನ್ನೊಮ್ಮಿ ಆಪರೇಷನ್ ನನ್ನ ಕಡಿಂದ ಆಗಂಗಿಲ್ಲ ಮಗಳ, ಎಳಿ ಐತೋ ಉಂಡಿ ಐತೋ, ನೋಡಿದಕೂಡ್ಲೆ ಫೋನ್ ಹಚ್ಚು. ಮೊದಲ ಕೋಶದಲ್ಲಿ ಉಂಡೆ, ಒಂದು ಕೋಶದಿಂದ ಏನಾಗುತ್ತದೆ, ಸ್ಲೈಡ್ ಸರಿಸು, ಬಲಕ್ಕೆ, ಉಂಡೆ, ಕೆಳಕ್ಕೆ, ಎಷ್ಟು ದುಂಡಗೆ, ಎಷ್ಟು ಅಚ್ಚುಕಟ್ಟು, ಕೇಂದ್ರವನ್ನೇ ಒತ್ತಿ ಬಿದಿಗೆಯ ಚಂದ್ರನ ಹಾಗೆ ಬಾಗಿಸಿದೆ, ಇಷ್ಟು ಚಂದ ಯಾಕಿದೆ ಇದು, ಸಿಟ್ಟು ಬರುತ್ತದೆ, ಕಣ್ಣು ಕೀಳಲಾಗುತ್ತಿಲ್ಲ, ಮೇಜಿನ ಮೇಲೆ ಫೋನು ನಡುಗುತ್ತಿದೆ, ಅವ್ವನ ಕರೆ, ಸರ್ ಮೆಲ್ಲಗೆ, ರಜನಿ, ಅಂದರು, ಒಂದು ನಿಮಿಷ ಸರ್, ಈ ಅಂಚಿನಲ್ಲಿ ಒಂದಾದರೂ ಬಲೆ — ಕಂದು, ನೀಲಿ, ಬಾಗಿ ಕೂತ ಕೇಂದ್ರ, ಅದರ ಉಡಿಯಲ್ಲಿ ಉಂಡೆ.