ಕೇರಿಯ ಹೆಸರಿನ ಡಾಂಬರು

"ಬೋರ್ಡು ನೆಟ್ಟಗ ಹಿಡಿಯೇ ಸುಂದ್ರಿ! ಕೈಗಿ ಲಕ್ವಾ ಹೊಡದದೇನು? ಹಲ್ಕಟ್ ರಂಡಿ, ಒಂದ್ ಫೋಟೋಕ್ಕ ಮುಂಜಾನಿಂದ ಜೀವಾ ತಿನ್ನಾಕತ್ಯಾಳ."

ಪುರಸಭೆ ಮೆಂಬರ್ ವಿಶ್ವರಾಧ್ಯ ತನ್ನ ಕಲ್ಯಾಣ ಮಂಟಪದ ಗೇಟಿನ ಬಳಿ ಕುರ್ಚಿ ಹಾಕಿಸಿಕೊಂಡು ಕೂತು ಕೂಗುತ್ತಿದ್ದ. ಸುಂದ್ರಮ್ಮ ತಗಡಿನ ಬೋರ್ಡನ್ನು ಎದೆಗೊತ್ತಿ ಹಿಡಿದು ಮಂಟಪದ ಮುಂದಿನ ರಸ್ತೆಯ ನಡುವೆ ನಿಂತಿದ್ದಳು. ಬೋರ್ಡಿನ ಕಾಲಿಗೆ ಕೇರಿಯ ಮಣ್ಣು ಇನ್ನೂ ಮೆತ್ತಿಕೊಂಡಿತ್ತು. ಬೆಳಿಗ್ಗೆಯಷ್ಟೇ ಅದನ್ನು ಕೇರಿಯ ಬಾಯಿಂದ ಕಿತ್ತು, ಅವಳ ತಲೆಯ ಮೇಲೆಯೇ ಹೊರಿಸಿ ತರಿಸಿದ್ದರು. 'ರಾಜ್ಯ ಸರ್ಕಾರದ ಅನುದಾನ, ಪರಿಶಿಷ್ಟರ ಕೇರಿಗೆ ಡಾಂಬರು ರಸ್ತೆ' ಎಂದು ಅದರ ಮೇಲೆ ದಪ್ಪಕ್ಷರದಲ್ಲಿ ಬರೆದಿತ್ತು. ಕೇರಿ ಇರುವುದು ಊರಿನ ಆ ತುದಿಗೆ, ಸಂತೆ ಬಯಲಿನ ಆಚೆ.

ಎಂಜಿನಿಯರ್ ಮೈಸೂರು ಕಡೆಯ ಹುಡುಗ. ಮೊಬೈಲು ಎತ್ತಿ ಹಿಡಿದು ಒಂದು ಕಣ್ಣು ಮುಚ್ಚಿದ.

"ಅಮ್ಮಾ, ಸ್ವಲ್ಪ ನಗಿ. ಫಲಾನುಭವಿ ಅಂದ್ಮೇಲೆ ಖುಷಿಯಾಗಿ ಕಾಣ್ಬೇಕು. ಮೇಲಿನೋರು ಫೋಟೋ ನೋಡ್ತಾರೆ."

"ಫಲಾನುಭವಿ ಅಂದ್ರ ಯಾರ್ರೀ ಸಾಹೇಬ್ರ?"

"ರಸ್ತೆ ಸಿಕ್ಕೋರು ಅಮ್ಮಾ."

"ಯಾರಿಗಿ ಸಿಕ್ಕದ್ರೀ?"

ವಿಶ್ವರಾಧ್ಯ ಗುಟ್ಕಾ ಉಗುಳಿ ನಕ್ಕ. "ಸಾಹೇಬ್ರ, ಅಕಿ ಬಾಯಾಗ ಬೀಳಬ್ಯಾಡ್ರಿ. ಕೇರ್ಯಾನ ಮಂದಿಗಿ ನಾಲಿಗಿ ಉದ್ದ. ಏ, ಹಲ್ಲ ಕಿಸಿ ಅಂದ್ರ ಕಿಸಿ. ಕೂಲಿ ಬ್ಯಾಡೇನು?"

ಸುಂದ್ರಮ್ಮ ಹಲ್ಲು ಕಿಸಿದಳು. ಮೊಬೈಲು ಟಿಕ್ಕೆಂದಿತು.

ಈ ಅನುದಾನದ ಕಥೆ ಕೇರಿಯಲ್ಲಿ ಯಾರಿಗೂ ಗುಟ್ಟೇನಲ್ಲ. ಟಿಪ್ಪರ್ ಓಡಿಸುವ ಬುದ್ಧಪ್ರಿಯ, ಸುಂದ್ರಮ್ಮನ ಮೈದುನನ ಮಗ, ಕಟ್ಟೆಯ ಮೇಲೆ ಕೂತು ಎಲ್ಲರಿಗೂ ಬಿಡಿಸಿ ಹೇಳಿದ್ದ. "ನೀ ಅರಿವಿ ಒಗ್ಯಾಕ ತರೂ ಸಬಕಾರ, ನನ್ನ ಗಾಡಿ ಡೀಸೆಲ್ಲು, ದೊಡ್ಡಪ್ಪ ಕುಡೀತಿದ್ದ ಕ್ವಾಟ್ರು, ಎಲ್ಲಾದ್ರ ಮ್ಯಾಲೂ ಸರ್ಕಾರ ತೆರಿಗಿ ತಗೋತದ ದೊಡ್ಡವ್ವ. ಅದ್ರಾಗಿನ ಪಾಲು ತಿರುಗಿ ಊರೂರ ಪುರಸಭೆಗಿ ಬರ್ತದ, ರಸ್ತಾ ರಿಪೇರಿಗಿ. ಅದ್ರಾಗೂ ನಮ್ಮ ಕೇರಿಗಂತ ಬ್ಯಾರೆ ತೆಗದಿಟ್ಟಿರ್ತಾರ. ಭಿಕ್ಷಾ ಅಲ್ಲ ಅದು."

ದೇವರು ವರ ಕೊಟ್ಟರೂ ಪೂಜಾರಿ ಕೊಡ ಅಂತಾರಲ್ಲ, ಹಂಗಾಯಿತು. ರಸ್ತೆಯ ಗುತ್ತಿಗೆ ವಿಶ್ವರಾಧ್ಯನ ಭಾವಮೈದುನನ ಹೆಸರಿಗೆ ಬಂತು. ಯುಗಾದಿಗೂ ಮೊದಲು ಕೇರಿಯ ಓಣಿಗೆ ನಾಲ್ಕು ಟಿಪ್ಪರ್ ಜಲ್ಲಿ ಕಡಿ ತಂದು ಸುರಿದರು. ಇಡೀ ಕೇರಿಯೇ ರಸ್ತೆ ಕೆಲಸದ್ದು. ಗುಲಬರ್ಗಾದಿಂದ ರಾಯಚೂರಿನ ತನಕ ಮಂದಿಯ ಬಾಗಿಲಿಗೆ ಡಾಂಬರು ಹಾಕಿದವರು. ತಮ್ಮ ಬಾಗಿಲಿಗೆ ಬಂದ ಕಡಿ ಕಂಡು ಹುಚ್ಚು ಹಿಡಿದಂತಾದರು. ಯಾರೂ ಹೇಳದಿದ್ದರೂ ಸಂತೆಯ ರಜೆಯ ದಿನ ಹೆಂಗಸರು ಗಂಡಸರು ಸೇರಿ ಕಡಿ ಹರವಿ, ತಗ್ಗು ತುಂಬಿ, ನೀರು ಹೊಡೆದರು. ರೋಲರ್ ಜಮಾಲಸಾಬ ಎರಡು ಜೋಳದ ರೊಟ್ಟಿ, ಪುಂಡಿಪಲ್ಯಕ್ಕೆ ಒಪ್ಪಿ ಪುಕ್ಕಟೆ ಉರುಳಿಸಿಕೊಟ್ಟ. ಪೆದ್ದ ಮಂದಿ! ತಮ್ಮ ಕೆಲಸ ತಾವೇ ಮುಗಿಸಿಕೊಟ್ಟರೆ ಡಾಂಬರು ಬೇಗ ಬರುತ್ತದೆ ಅಂದುಕೊಂಡರು. ಡಾಂಬರು ಬಂತು, ಮಂಟಪಕ್ಕೆ.

ಯಾಕೆಂದರೆ ಫೋಟೋ ತೆಗೆದ ಆ ದಿನವೇ ಸಂಜೆ ವಿಶ್ವರಾಧ್ಯನ ಮಗಳು ಶಾಂಭವಿಯ ನಿಶ್ಚಯ. ಕೆಂಭಾವಿಯ ಬೀಗರು ಕಾರುಗಳಲ್ಲಿ ಬರುವವರಿದ್ದರು. ಅವರು ಧೂಳು ತುಳಿಯಬಾರದು. ಅವತ್ತೇ ಮಾರ್ಚಿನ ಕೊನೆಯ ದಿನವೂ ಹೌದು. ಹೊತ್ತು ಮುಳುಗುವುದರೊಳಗೆ ಕೆಲಸ ಮುಗಿದ ಫೋಟೋ ಹೋಗದಿದ್ದರೆ ಅನುದಾನ ಸರ್ಕಾರಕ್ಕೆ ವಾಪಸ್.

ಹೆಂಗಸರು ಕಾಲಿಗೆ ಗೋಣಿತಟ್ಟು ಸುತ್ತಿಕೊಂಡು ಕೆಲಸಕ್ಕೆ ಬಿದ್ದರು. ಕಾದ ಕಡಾಯಿಯಂಥ ಬಿಸಿಲು, ಕೆಳಗೆ ಹೊಗೆಯಾಡುವ ಡಾಂಬರು. ಸುಂದ್ರಮ್ಮ ಬುಟ್ಟಿ ತುಂಬಿ ಸುರಿಯುತ್ತಿದ್ದಳು, ಅವಳ ಜೊತೆಗಾರ್ತಿ ಉಮೆಸಲ್ಮಾ ಉದ್ದ ಹಿಡಿಯ ಹಲಗೆಯಿಂದ ಎಳೆದು ಸಮ ಮಾಡುತ್ತಿದ್ದಳು. ಮಧ್ಯಾಹ್ನದ ಹೊತ್ತಿಗೆ ಗೇಟಿನ ಹತ್ತಿರದ ತುಂಡು ಬಿಟ್ಟು ಮಿಕ್ಕದ್ದೆಲ್ಲ ಮುಗಿದಿತ್ತು.

ಸುಂದ್ರಮ್ಮ ನೀರು ಕೇಳಲು ಹೋದರೆ ಮಂಟಪದ ಅಡುಗೆಯವನು ಗೇಟಿನಾಚೆಗೇ ನಿಲ್ಲಿಸಿದ. ಕೊಡವನ್ನು ಎದೆಯೆತ್ತರಕ್ಕೆ ಎತ್ತಿ ಬೊಗಸೆಗೆ ಸುರಿದ. ಅರ್ಧ ನೀರು ಕುಪ್ಪಸದೊಳಗೆ ಹೋಯಿತು. ಹಿಂದೆ ಕೂತಿದ್ದ ನೆಂಟರು ನಕ್ಕರು.

ಸುಂದ್ರಮ್ಮ ಬಾಯಿ ಒರೆಸಿಕೊಂಡು ವಿಶ್ವರಾಧ್ಯನ ಮುಂದೆ ಹೋಗಿ ನಿಂತಳು.

"ಸಾವ್ಕಾರ್ರ, ಇನ್ನ ಎರಡು ಟಿಪ್ಪರ್ ಡಾಂಬರ್ ಮಾಲು ಬರೂದದ. ಇಲ್ಲಿಗಿ ಒಂದು ಸಾಕಾಗ್ತದ. ಇನ್ನೊಂದು ಕೇರಿಗಿ ಕಳಸ್ರಿ. ಕಡಿ ಹರವಿಟ್ಟೀವಿ. ಕೂಲಿ ಬ್ಯಾಡ, ನಾವ ಹಾಕ್ಕೋತೀವಿ."

"ಮಂಟಪದ ಹಿಂದ ಪಾರ್ಕಿಂಗ್ ಯಾರ ಮಾಡ್ತಾರ, ನಿಮ್ಮಪ್ಪ?" ವಿಶ್ವರಾಧ್ಯ ಕಾಲ ಮೇಲಿನ ಕಾಲು ಇಳಿಸಲಿಲ್ಲ. "ನಿಮ್ಮ ಓಣಿಗಿ ಡಾಂಬರ್ ಯಾಕಬೇ? ಹಂದಿ ಜಾರಿ ಬೀಳ್ತಾವೇನು?"

"ಮನುಷ್ಯಾರು ಬಿದ್ದಾರ್ರಿ."

ಅವನಿಗೆ ನೆನಪಿಗೆ ಬರಲಿಲ್ಲ. ಬಂದಿದ್ದರೂ ಮುಖದ ಮೇಲೆ ಕಾಣಲಿಲ್ಲ. ಎಂಜಿನಿಯರ್ ಮಾತ್ರ ನೆಲ ನೋಡುತ್ತ, "ಅಮ್ಮಾ, ಮುಂದಿನ ವರ್ಷದ ಅನುದಾನದಲ್ಲಿ ನೋಡೋಣ" ಅಂದ.

ಸುಂದ್ರಮ್ಮನಿಗೆ ಮಾತ್ರ ಮರೆಯಲು ಬರುವಂಥದ್ದಲ್ಲ ಅದು. ಕಳೆದ ಶ್ರಾವಣದಲ್ಲಿ ಅವಳ ಗಂಡ ಹುಲಗಪ್ಪ ಕಾಮಾಲೆಯಾಗಿ ತೀರಿಕೊಂಡ. ಡಾಂಬರು ಕುದಿಸುವುದರಲ್ಲೇ ಹರೆಯ ಸವೆಸಿದವನು. ಈ ಊರಿನ ಒಂದೊಂದು ರಸ್ತೆಗೂ ಅವನ ಬೆವರು ಬಿದ್ದಿತ್ತು. ಹೆಣದ ಗಾಡಿ ಕೇರಿಯೊಳಗೆ ಬರಲೊಲ್ಲದು. ಮೊಣಕಾಲು ಮಟ ರಾಡಿ. ನಾಲ್ಕು ಮಂದಿ ಚಟ್ಟ ಹೊತ್ತು ಹೊರಟರು. ಕೇರಿಯ ಬಾಯಿಗೆ ಬರುವಷ್ಟರಲ್ಲಿ ಮುಂದಿನವನ ಕಾಲು ತಗ್ಗಿನಲ್ಲಿ ಜಾರಿತು. ಚಟ್ಟ ಮಗುಚಿ ಹುಲಗಪ್ಪ ಬೋರಲಾಗಿ ರಾಡಿಯೊಳಗೆ ಬಿದ್ದ. ಹೂವಿನ ಹಾರ ಒಂದು ಕಡೆ, ಹೆಣ ಒಂದು ಕಡೆ.

ಆಗಲೇ ದೊಡ್ಡ ರಸ್ತೆಯ ಮೇಲೆ ವಿಶ್ವರಾಧ್ಯನ ಕಾರು ನಿಂತಿತು. ಅವನು ಗಾಜು ಇಳಿಸಿ ನೋಡಿದ. "ಏನಲೇ, ಹುಲಗ್ಯಾಗ ಸತ್ತರೂ ಏರಿದ ನಿಶಾ ಇಳದಿಲ್ಲೇನು?" ಅಂದ. ಕಾರಿನೊಳಗಿದ್ದವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಗಾಜು ಏರಿತು, ಕಾರು ಹೋಯಿತು. ಸುಂದ್ರಮ್ಮ ಗಂಡನ ಮೂಗಿನೊಳಗಿನ ಕೆಸರನ್ನು ಸೆರಗಿನಿಂದ ತೆಗೆದಳು. ಅವತ್ತು ಅವಳು ಅಳಲಿಲ್ಲ. ಅವಳ ಹೊಟ್ಟೆಯೊಳಗೆ ಬೆಂಕಿ ಬಿದ್ದಿತ್ತು, ಮುಯ್ಯಿ ತೀರದೆ ಅದು ಆರುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ತೀರಿಸುವುದು ಹೇಗೆ ಎಂಬುದಷ್ಟೇ ಗೊತ್ತಿರಲಿಲ್ಲ.

ಈಗ ಬುತ್ತಿ ಬಿಚ್ಚುವ ಹೊತ್ತಿಗೆ ಗೊತ್ತಾಯಿತು. ಬೇವಿನ ನೆರಳಿಗೆ ಕೂತ ಹೆಂಗಸರು, ಬುದ್ಧಪ್ರಿಯ, ಜಮಾಲಸಾಬರ ಎದುರು ಅವಳು ರೊಟ್ಟಿ ಮುರಿಯುತ್ತಲೇ ಹೇಳಿದಳು.

"ಒಂದು ಟಿಪ್ಪರ್ ಮಾಲು ಗೇಟಿನ ಮುಂದ ಗುಡ್ಡಿ ಹಾಕಸೂದು. ಆಮ್ಯಾಲ ಬುಟ್ಟಿ ಡಬ್ಬ ಹಾಕಿ ಕುಂದ್ರೂದು. ಯಾರೂ ಮುಟ್ಟಬಾರ್ದು."

ಉಮೆಸಲ್ಮಾಳ ಕೈಯಲ್ಲಿನ ತುತ್ತು ಅಲ್ಲೇ ನಿಂತಿತು. ಹರವದೆ ಬಿಟ್ಟ ಡಾಂಬರು ಆರಿದರೆ ಏನಾಗುತ್ತದೆ ಎಂದು ಅವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಗುಡ್ಡೆಗೆ ಗುಡ್ಡೆಯೇ ಬಂಡೆಯಾಗುತ್ತದೆ, ಗುದ್ದಲಿ ಸಿಡಿದು ವಾಪಸ್ ಬರುತ್ತದೆ.

"ಯಾ ಅಲ್ಲಾ! ನಿಶ್ಚೆದ ಮನಿ ಬಾಗಲಾ ಮುಚ್ಚತೀಯೇನವ್ವಾ? ಇನ್ನೊಂದು ಟಿಪ್ಪರ್?"

"ಅದು ನಮ್ಮ ಹೆಸರಿಲೆ ಬಂದದ. ನಮ್ಮ ಓಣಿಗಿ ಹೋಗ್ತದ."

"ನನ್ನ ನೌಕ್ರಿ ಹೋಗ್ತದ ದೊಡ್ಡವ್ವ," ಅಂದ ಬುದ್ಧಪ್ರಿಯ. "ಜೇಲಿಗಿ ಹಾಕ್ತಾರ."

"ಚಟ್ಟದ ಮುಂದಿನ ಹೆಗಲು ನಿಂದಿತ್ತಲ್ಲೋ ತಮ್ಮಾ," ಅಂದಳು ಸುಂದ್ರಮ್ಮ. "ಕಾಲು ಜಾರಿದ್ದಕ್ಕ ನಿನಗ ಎಂದಾರ ಒಂದ್ ಮಾತು ಅಂದೀನೇನು? ನಿಂದಲ್ಲ ಅದು ತಪ್ಪು. ಯಾರದಂತ ನಿನಗೂ ಗೊತ್ತದ."

ಹುಡುಗ ಬುತ್ತಿ ಕಟ್ಟಿಟ್ಟ. ಎದ್ದು ಹೋಗಿ ಟಿಪ್ಪರ್ ಚಾಲೂ ಮಾಡಿದ. ಜಮಾಲಸಾಬ ಬೀಡಿ ತುಳಿದು, "ನನ್ನ ರೋಲರ್‌ಗಿ ಬ್ರೇಕ್ ಸರಿಯಿಲ್ಲವ್ವಾ, ಎಲ್ಲಿಗಿ ಹೋಗ್ತದೋ ನನಗ ಗೊತ್ತಿಲ್ಲ" ಅಂದ. ಹೆಂಗಸರು ಕಿಸಕ್ಕನೆ ನಕ್ಕರು.

ಹೊತ್ತು ಇಳಿಯುವಾಗ ಎರಡೂ ಟಿಪ್ಪರ್ ಬಂದವು. ಮೊದಲನೆಯದು ಸುಂದ್ರಮ್ಮ ಕೈ ತೋರಿಸಿದಂತೆ ಗೇಟಿಗೆ ಬೆನ್ನು ಕೊಟ್ಟು ನಿಂತು, ತೊಟ್ಟಿ ಎತ್ತಿ, ಇದ್ದಬದ್ದ ಮಾಲನ್ನೆಲ್ಲ ಗೇಟಿನ ಕಂಬದಿಂದ ಕಂಬಕ್ಕೆ ಸುರಿಯಿತು. ಎದೆಯೆತ್ತರದ ಕಪ್ಪು ದಿಬ್ಬ ಹೊಗೆಯಾಡುತ್ತ ಕೂತಿತು. ಬುದ್ಧಪ್ರಿಯ ತನ್ನ ತುಂಬಿದ ಟಿಪ್ಪರನ್ನು ಸ್ವಲ್ಪ ದೂರದಲ್ಲಿ ಚಾಲೂ ಇಟ್ಟೇ ನಿಲ್ಲಿಸಿದ.

ಹೆಂಗಸರು ಬುಟ್ಟಿ ಬೋರಲು ಹಾಕಿ ಅದರ ಮೇಲೆ ಕೂತರು. ಸುಂದ್ರಮ್ಮ ಎಲೆ ಅಡಿಕೆ ಚೀಲ ಬಿಚ್ಚಿದಳು.

"ಏ, ಏನ್ ಕುಂತೀರಬೇ? ಆರ್ತದ, ಏಳ್ರಿ!" ವಿಶ್ವರಾಧ್ಯ ಕುರ್ಚಿಯಿಂದ ಎದ್ದ. ಯಾರೂ ಏಳಲಿಲ್ಲ. "ಸೂಳೇರಾ, ಕಿವಿ ಕೇಳಂಗಿಲ್ಲೇನು?"

"ಕೇಳ್ತದ್ರಿ," ಅಂದಳು ಸುಂದ್ರಮ್ಮ, ಸುಣ್ಣ ಹಚ್ಚುತ್ತ.

ಅವನು ಕೂಲಿ ಹೆಚ್ಚು ಮಾಡುತ್ತೇನೆ ಅಂದ. ಇಲ್ಲ. ಹಗ್ಗ ಹಾಕಿ ಕಟ್ಟಿಸುತ್ತೇನೆ, ಈ ತಾಲೂಕಿನಲ್ಲಿ ಯಾರೂ ಕೆಲಸ ಕೊಡದ ಹಂಗೆ ಮಾಡುತ್ತೇನೆ ಅಂದ. ಇಲ್ಲ. ಮಂಟಪದೊಳಗಿನ ಗಂಡಸರನ್ನು ಕರೆದ. ಜರತಾರಿ ಶಲ್ಯದವರು ದಿಬ್ಬದ ಆಚೆ ಬಂದು ನಿಂತು, ಹೊಗೆಗೆ ಕೆಮ್ಮಿ ಹಿಂದಕ್ಕೆ ಹೋದರು. ಕೊನೆಗೆ ತಾನೇ ಸಲಿಕೆ ಕಸಿದುಕೊಂಡು ದಿಬ್ಬಕ್ಕೆ ಹೊಡೆದ. ಮೇಲ್ಪದರ ಆಗಲೇ ಬಿಗಿದಿತ್ತು. ಸಲಿಕೆ ಠಣ್ಣೆಂದಿತು. ಮುಂದಿಟ್ಟ ಕಾಲು ಬಿಸಿ ಅಂಚಿಗೆ ಅಂಟಿತು, ಎಳೆದರೆ ಕಾಲು ಬಂತು, ಚಪ್ಪಲಿ ಬರಲಿಲ್ಲ. ಅಂಗಾಲು ಸುಟ್ಟು "ಅಯ್ಯವ್ವಾ" ಅಂತ ಒಂಟಿ ಕಾಲಿನಲ್ಲಿ ಕುಣಿದ. ಸುಂದ್ರಮ್ಮ ಕಣ್ತುಂಬ ನೋಡಿದಳು. ಸುಳ್ಳು ಯಾಕೆ ಹೇಳಬೇಕು, ಗಂಡ ಸತ್ತ ಮೇಲೆ ಅವಳ ಹೊಟ್ಟೆ ತಣ್ಣಗಾದದ್ದು ಅದೇ ಮೊದಲು.

ಅಷ್ಟರಲ್ಲಿ ಬೀಗರ ಕಾರುಗಳು ಬಂದವು. ಸಾಲಾಗಿ ನಿಂತು ಹಾರ್ನ್ ಹೊಡೆದವು. ವರನ ತಾಯಿ ಶಾಂತಾದೇವಿ ಗಾಜು ಇಳಿಸಿ ದಿಬ್ಬ ನೋಡಿದಳು, ಒಂಟಿ ಚಪ್ಪಲಿಯ ಬೀಗನನ್ನು ನೋಡಿದಳು.

"ಏನ್ರೀ ಇದು? ಒಳಗ ಬರೂ ದಾರಿ ಎಲ್ಲದ?"

ವಿಶ್ವರಾಧ್ಯನ ದನಿ ನೆಲ ಕಂಡಿತು. ಸುಂದ್ರಮ್ಮನ ಬಳಿ ಬಗ್ಗಿದ. "ಯವ್ವಾ ಸುಂದ್ರವ್ವಾ. ಕೈ ಮುಗೀತೀನಿ. ಮಗಳ ನಿಶ್ಚೆ ಅದ. ಮರ್ಯಾದಿ ಉಳಸು. ನಾಳಿ ನಿಮ್ಮ ಓಣಿಗಿ ನಾ ಖುದ್ದ ನಿಂತು ಹಾಕಸ್ತೀನಿ."

"ನಾಳಿ ರೊಕ್ಕ ವಾಪಸ್ ಹೋಗ್ತದಲ್ರಿ." ಅವಳು ಎದ್ದು ಸೀರೆ ಜಾಡಿಸಿಕೊಂಡಳು. "ಹೋಗ್ರಿ, ಬೀಗರಿಗಿ ಏಣಿ ಹಚ್ಚರಿ."

ಅವಳು ಕೈ ಬೀಸಿದಳು. ಬುದ್ಧಪ್ರಿಯನ ಟಿಪ್ಪರ್ ತಿರುಗಿತು. ಹಿಂದೆ ಜಮಾಲಸಾಬನ ರೋಲರ್, ಅದರ ಹಿಂದೆ ಬುಟ್ಟಿ ಸಲಿಕೆ ಹೊತ್ತ ಹೆಂಗಸರು. ಎಂಜಿನಿಯರ್ ಹುಡುಗ ಮೊಬೈಲು ಕೈಯಲ್ಲಿ ಹಿಡಿದು ಆ ಕಡೆ ಈ ಕಡೆ ನೋಡಿದ. ಹೊತ್ತು ಮುಳುಗುತ್ತಿತ್ತು, ಅವನಿಗೂ ಫೋಟೋಕ್ಕೆ ಮುಗಿದ ಒಂದು ರಸ್ತೆ ಬೇಕಿತ್ತು. ಬೈಕ್ ಹತ್ತಿ ಅವರ ಹಿಂದೆಯೇ ಹೊರಟ.

ಕೇರಿಯಲ್ಲಿ ಇದ್ದವರೆಲ್ಲ ಓಡಿ ಬಂದರು. ಮುದುಕಿಯರು ಪೊರಕೆ ತಂದು ಕಡಿಯ ಮೇಲಿನ ಧೂಳು ಗುಡಿಸಿದರು. ಟಾರ್ಪಾಲು ಹೊದಿಸಿದ್ದ ಮಾಲು ಇನ್ನೂ ಬಿಸಿಯಿತ್ತು. ಸುರಿದರು, ಎಳೆದರು, ಬೈದುಕೊಂಡು ನಕ್ಕು ಅಂಗೈ ಸುಟ್ಟುಕೊಂಡರು. ಅರ್ಧ ಓಣಿಗೆ ಮಾಲು ಮುಗಿಯಿತು. ಅರ್ಧವಾದರೂ ಓಣಿ ಕಪ್ಪಾಯಿತು. ಜಮಾಲಸಾಬ ರೋಲರ್ ತಿರುಗಿಸಿಕೊಂಡು ಒಳಗಿನಿಂದ ಕೇರಿಯ ಬಾಯಿಯ ಕಡೆಗೆ ಉರುಳಿಸತೊಡಗಿದ.

ಆಗ ಪೊಲೀಸ್ ಜೀಪು ಬಂತು. ಮುಂದಿನ ಸೀಟಿನಿಂದ ಫೌಜದಾರ ಇಳಿದ, ಹಿಂದಿನಿಂದ ಕಾಲಿಗೆ ಬಟ್ಟೆ ಕಟ್ಟಿಕೊಂಡ ವಿಶ್ವರಾಧ್ಯ.

"ಇಕಿನೇ ಸಾಹೇಬ್ರ, ಇಕಿನೇ! ಸರ್ಕಾರಿ ಮಾಲು ಕಳವು ಮಾಡ್ಯಾಳ. ಎಳಕೊಂಡು ಬರ್ರಿ!"

ಫೌಜದಾರ ಬೂಟುಗಾಲು ಎತ್ತಿದ. ಸುಂದ್ರಮ್ಮ ಹೊಸ ಡಾಂಬರಿನ ಅಂಚಿಗೆ ಬಂದು ಸಲಿಕೆ ಅಡ್ಡ ಹಿಡಿದು ನಿಂತಳು. ಉಮೆಸಲ್ಮಾ ಬಂದು ಅವಳ ಮಗ್ಗುಲಿಗೆ ನಿಂತಳು. ಉಳಿದವರೂ ಒಬ್ಬೊಬ್ಬರೇ ಬಂದು ಓಣಿಯ ಅಗಲಕ್ಕೆ ನಿಂತರು.

"ಅಲ್ಲೇ ನಿಲ್ರಿ," ಅಂದಳು ಸುಂದ್ರಮ್ಮ. "ಡಾಂಬರ್ ಇನ್ನ ಹಸಿ ಅದ. ನಮ್ಮ ರಸ್ತಾ ಆರೂತನಕ ಯಾರೂ ತುಳಿಯಂಗಿಲ್ಲ."

"ಏ, ಬಾಜೂಕ ಸರಿಯಬೇ!"

ಅವರ ಬೆನ್ನ ಹಿಂದೆ ರೋಲರ್ ಗುಡುಗುಡು ಅನ್ನುತ್ತ ಬರುತ್ತಿತ್ತು. ಹೆಂಗಸರು ಎರಡು ಭಾಗವಾಗಿ ಅದಕ್ಕೆ ದಾರಿ ಬಿಟ್ಟರು. ಅದು ಡಾಂಬರಿನ ಅಂಚು ದಾಟಿತು, ಮಣ್ಣಿಗೆ ಇಳಿಯಿತು, ಜೀಪಿನ ಎದುರಿಗೇ ಬಂತು, ನಿಲ್ಲಲಿಲ್ಲ. ವಿಶ್ವರಾಧ್ಯ ಕುಂಟುತ್ತ ಜೀಪಿನ ಹಿಂದಕ್ಕೆ ಓಡಿದ. ಪೊಲೀಸ್ ಡ್ರೈವರ್ ರಿವರ್ಸ್ ಗೇರಿಗೆ ಕೈ ಹಾಕಿ ಜಗ್ಗುತ್ತಿದ್ದ, ಗೇರು ಬೀಳುತ್ತಿರಲಿಲ್ಲ.