ಕುಸ್ತೋದಿಯೋ ಕೇಳಿದ ಜಾಗ

"ನಾನು ಯಾವತ್ತು ಬೇಡ ಅಂದೆ?"

ಕುಸ್ತೋದಿಯೋ ಟೀವಿಯನ್ನೇ ಕೇಳಿದ. ಅಡುಗೆಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಟೀವಿಯಲ್ಲಿ ಸಂಸತ್ತಿನ ಜಗಳ ನಡೆದಿತ್ತು. ಸರ್ಕಾರಿ ಆಸ್ಪತ್ರೆಗಳಲ್ಲಿ ಆಪರೇಷನ್ನಿಗೆ ಕಾಯುವವರ ಪಟ್ಟಿ ಕಾಲು ಭಾಗ ಇಳಿದಿದೆ ಎಂದು ಮಂತ್ರಿಗಳು ಹೇಳಿದ್ದರು. "ಇಳಿದಿಲ್ಲ, ಗುಡಿಸಿ ಹಾಕಿದ್ದೀರಿ" ಎಂದು ವಿರೋಧ ಪಕ್ಷದ ಇಬಾರ್ರಾ ಎದ್ದು ನಿಂತ. ಎಲ್ ಮಾಯ್ತೆನ್ ಊರಿನ ಮುದುಕ ಕುಸ್ತೋದಿಯೋ ಪಾರ್ದೋ, ಸೊಂಟದ ಕೀಲು ಬದಲಿಸಲು ವರ್ಷಗಟ್ಟಲೆ ಕಾದವನು, 'ರೋಗಿಯೇ ಬೇಡವೆಂದ' ಎಂಬ ಷರಾ ಹೊತ್ತು ಪಟ್ಟಿಯಿಂದ ಹೊರಬಿದ್ದಿದ್ದಾನೆ ಎಂದ. ತಡವೇಕೆಂದು ವಿಚಾರಿಸಲು ಇಬಾರ್ರಾನ ಕಚೇರಿಗೆ ಹೇಳಿದ್ದವಳು ಕುಸ್ತೋದಿಯೋನ ಮಗಳು. ಹೆಸರನ್ನು ಹೀಗೆ ದೇಶಕ್ಕೆಲ್ಲ ಓದಿ ಹೇಳುತ್ತಾರೆಂದು ಅವಳಿಗೂ ಗೊತ್ತಿರಲಿಲ್ಲ.

ಆ ಸೊಂಟದಿಂದಾಗಿ ಕುಸ್ತೋದಿಯೋಗೆ ಕುರ್ಚಿಯಲ್ಲಿ ಒಂದು ಗಳಿಗೆ ಕೂರುವುದೂ ಕಷ್ಟವಾಗಿತ್ತು. ಶಿಲುಬೆಯ ಮುಂದೆ ದೇವರ ಪದ ಹಾಡುವವರು ಕೂತೇ ಹಾಡಬೇಕು. ಅರ್ಧಚಂದ್ರಾಕಾರದಲ್ಲಿ ಕೂರುತ್ತಾರೆ, ಪದ್ಯ ಒಬ್ಬರಿಂದ ಪಕ್ಕದವರಿಗೆ ಸಾಗುತ್ತದೆ. ನಡುವೆ ಯಾರಾದರೂ ಕೆಮ್ಮಲು ಎದ್ದು ಹೋದರೆ ಅವರ ಕುರ್ಚಿ ಖಾಲಿಯೇ ಇರುತ್ತದೆ, ಬಂದವರು ಅದರಲ್ಲೇ ಕೂರುತ್ತಾರೆ. ಅಪ್ಪನಿಂದ ಪದ ಕಲಿತ ದಿನದಿಂದ ಅವನು ಆ ಸಾಲಿನಲ್ಲಿದ್ದ. ಈ ಸಲದ ಶಿಲುಬೆ ಹಬ್ಬದಲ್ಲಿ ಎರಡು ಸುತ್ತಿಗೇ ಏಳಬೇಕಾಗಿ ಬಂದಿತ್ತು.

ಪಕ್ಕದ ಮನೆಯ ಸುನಿಲ್ದಾ ಕದ ತಟ್ಟದೆ ಒಳಗೆ ಬಂದಳು. ಅವನ ಮಗಳಿಗೆ ಜ್ಞಾನಸ್ನಾನದ ತಾಯಿಯಾಗಿ ನಿಂತವಳು, ಆ ನಂಟಿಗೆ ಅವನನ್ನು 'ಕೊಂಪಾದ್ರೆ' ಎಂದೇ ಕರೆಯುವವಳು.

"ಕೊಂಪಾದ್ರೆ, ಟೀವೀಲಿ ಕೇಳಿದೆ. ಬೇಡ ಅಂದೋಳು ನಾನೇ ಕಣೋ."

"ಏನು ಬೇಡ ಅಂದೆ?"

"ಶಿಲುಬೆ ಹಬ್ಬದ ಮಧ್ಯಾಹ್ನ. ನೀನು ಒಳಗೆ ಹಾಡ್ತಿದ್ದೆ, ನಿನ್ನ ಫೋನು ನನ್ನ ಹತ್ರ ಇತ್ತು. ಯಾವಳೋ ಹುಡುಗಿ, ಸೆನ್ಯೋರ್ ಪಾರ್ದೋಗೆ ಇನ್ನೂ ಆಸಕ್ತಿ ಇದೆಯಾ ಅಂದ್ಲು. ಹಾಗೆ ಕೇಳೋರು ಯಾರು ಹೇಳು? ಸಮಾಧಿ ಜಾಗ ಮಾರೋರು! ಅವನಿಗೆ ಯಾವ ಆಸಕ್ತಿನೂ ಇಲ್ಲಮ್ಮ, ಮತ್ತೆ ಫೋನ್ ಮಾಡ್ಬೇಡ ಅಂತ ಇಟ್ಬಿಟ್ಟೆ. ಅದು ಆಸ್ಪತ್ರೆಯೋಳು ಅಂತ ಈಗ ಹೊಳೀತು."

"ಸಮಾಧಿ ಆಗಿದ್ರೆ ರೇಟಾದ್ರೂ ಕೇಳಬೇಕಿತ್ತು, ಮಾರಾಯ್ತಿ."

ಅವಳು ನಗಲಿಲ್ಲ. ಅಷ್ಟರಲ್ಲಿ ಇಬಾರ್ರಾನದೇ ಫೋನು ಬಂತು.

"ದೊನ್ ಕುಸ್ತೋದಿಯೋ, ಮಂತ್ರಿ ಬಗ್ಗಿದ್ರು! ಗುರುವಾರ ನಿಮ್ಮ ಆಪರೇಷನ್. ಆಸ್ಪತ್ರೆ ಬಾಗಿಲಲ್ಲಿ ಒಂದು ಫೋಟೋ ತೆಗೀತೀವಿ, ಅಷ್ಟೇ."

ಕುಸ್ತೋದಿಯೋ ಫೋನಿನ ಕಥೆ ಹೇಳಿದ.

"ಅದನ್ನ ನುಂಗ್ಕೊಂಡುಬಿಡಿ. ಯಾರಿಗೂ ಬೇಕಾಗಿಲ್ಲ."

"ಗುರುವಾರದ ಸರದಿ ಯಾರದ್ದಿತ್ತು ಸ್ವಾಮಿ?"

"ಅದು ಆಸ್ಪತ್ರೆಯವರ ತಲೆನೋವು. ನೀವು ಗಡ್ಡ ಹೆರೆಸ್ಕೊಂಡು ಬನ್ನಿ."

ಮರುದಿನ ಬೆಳಿಗ್ಗೆ ಅವನು ಬಸ್ಸಿನಲ್ಲಿ ನಿಂತುಕೊಂಡೇ ಆಸ್ಪತ್ರೆಗೆ ಹೋದ. ಕಿಟಕಿಯ ಹಿಂದೆ ಯಾಸ್ನಾ ಎಂಬ ಗುಮಾಸ್ತೆ ಅವನ ಹೆಸರು ಕೇಳುತ್ತಲೇ ನೆಟ್ಟಗೆ ಕೂತಳು.

"ನೀವೇನಾ? ನಿನ್ನೆಯಿಂದ ನಿಮ್ಮ ಹೆಸರು ಕೇಳಿ ಕೇಳಿ ಕಿವಿ ತೂತಾಗಿದೆ. ಗುರುವಾರ ತಾನೇ ಬರಬೇಕಾಗಿದ್ದು?"

"ಗುರುವಾರ ಯಾರನ್ನ ಎಬ್ಬಿಸಿ ನನ್ನ ಮಲಗಿಸ್ತೀರಮ್ಮ?"

ಅವಳು ದನಿ ತಗ್ಗಿಸಿದಳು. "ಒಬ್ಬ ಹೆಂಗಸು. ಮುಂದಕ್ಕೆ ಹಾಕಿದೀವಿ ಅಂತ ನಾನೇ ಹೇಳಿದೆ. ಯಾಕೆ ಅಂತ ಕೂಡ ಕೇಳಲಿಲ್ಲ, ಪಾಪ."

"ಆಕೆ ದಿನ ಆಕೆಗೇ ಇರಲಿ. ನನ್ನ ಹೆಸರು ತೆಗೀದೆ ಇದ್ದಿದ್ರೆ ಇವತ್ತು ಪಟ್ಟೀಲಿ ನಾನು ಎಲ್ಲಿರ್ತಿದ್ದೆ?"

ಯಾಸ್ನಾ ಕಂಪ್ಯೂಟರಿನಲ್ಲಿ ಕೆಳಗೆ ಇಳಿಯುತ್ತ ಹೋದಳು, ಒಂದು ಕಡೆ ನಿಂತಳು. "ಇಲ್ಲಿ, ಈ ಇಬ್ಬರ ನಡುವೆ. ಇನ್ನೂ ಒಂದು ವರ್ಷದ ಮಾತು."

"ಹಾಗಾದ್ರೆ ಅಲ್ಲಿಗೆ ಹಾಕಮ್ಮ."

"ಅಜ್ಜಾ, ನಿನ್ನೆ ಆ ಗಲಾಟೆ ಆದಮೇಲೆ ಮೇಲಿಂದ ಆದೇಶ ಬಂದಿದೆ. ಪಟ್ಟಿ ನಡುವೆ ಯಾರನ್ನೂ ಸೇರಿಸೋ ಹಾಗಿಲ್ಲ. ನಿಮಗೆ ಗುರುವಾರ ಇದೆ, ಅದು ಮಂತ್ರಿಗಳ ವಿಶೇಷ ಅಪ್ಪಣೆ. ಅದು ಬೇಡ ಅಂದ್ರೆ ಹೊಸ ರೋಗಿ ಅಂತ ಕೊನೆಗೆ. ಅದು ಐದಾರು ವರ್ಷ."

"ಮೊದಲ ಜಾಗ ನಂದಲ್ಲ. ಕೊನೇನೂ ನಂದಲ್ಲ." ಅವನು ಕಿಟಕಿಯ ಅಂಚು ಹಿಡಿದು ಸೊಂಟದ ಭಾರ ಇನ್ನೊಂದು ಕಾಲಿಗೆ ಬದಲಿಸಿದ. "ಈ ಇಬ್ಬರ ನಡುವೆ ನಾನೇ ತಾನೇ ಇದ್ದಿದ್ದು? ಅದೇ ಜಾಗ ಕೊಡು, ಮಗಳೇ. ಬೇರೇನೂ ಕೇಳ್ತಿಲ್ಲ."

ಯಾಸ್ನಾ ಪರದೆಯನ್ನು ನೋಡಿದಳು, ಅವನನ್ನು ನೋಡಿದಳು.

"ಇಲ್ಲ ಅಜ್ಜ. ಗುರುವಾರಕ್ಕೆ ಬೇಕಾದ್ರೆ ಹಾಕ್ತೀನಿ, ಕೊನೆಗೆ ಬೇಕಾದ್ರೂ ಹಾಕ್ತೀನಿ. ಅಲ್ಲಿಗೆ ಮಾತ್ರ ನಾನು ಹಾಕಲ್ಲ."