ಎಂಟು ತಿಂಗಳಿಗೆ ತೀರಿಕೊಂಡ ಪೆಟ್ರೊನೆಲ್ಲಾ

ಸಿಲೋನಿನ ಗಾಲೆ ಕೋಟೆಯಲ್ಲಿ ಯಾರ ಮೈಯಲ್ಲಿ ಎಷ್ಟು ತೊಟ್ಟು ಡಚ್ಚರ ರಕ್ತ ಉಳಿದಿದೆ ಎಂದು ತೀರ್ಮಾನಿಸಲು, ಡಚ್ಚರ ಸಂತಾನ ಎನಿಸಿಕೊಂಡ ನಮ್ಮ ಬರ್ಗರ್ ಜನ ಒಂದು ವಂಶಾವಳಿ ಸಮಿತಿ ಮಾಡಿಕೊಂಡಿದ್ದರು. ಡಚ್ಚರು ಊರು ಬಿಟ್ಟು ನೂರು ವರ್ಷ ದಾಟಿತ್ತು. ಬ್ರಿಟಿಷರು ಬಂದು ನಮ್ಮನ್ನೆಲ್ಲ ಗುಮಾಸ್ತರನ್ನಾಗಿ ಮಾಡಿದ್ದರು. ಆದರೂ ಜಂಬಕ್ಕೆ ಮಾತ್ರ ಬರವಿರಲಿಲ್ಲ. ಅಕ್ಷರ ದುಂಡಗಿದೆ ಎಂಬ ಒಂದೇ ಪಾಪಕ್ಕೆ ವಂಶವೃಕ್ಷ ಬರೆಯುವ ಕೆಲಸ ನನ್ನ ತಲೆಗೆ ಬಿತ್ತು.

ಆ ವರ್ಷದ ಮಳೆಗೆ ಪೆಟ್ರೊನೆಲ್ಲಾ ಬೋಗಾರ್ಸ್ ಎಂಬ ಅರವತ್ತಾರರ ಮುದುಕಿಯ ಮನೆ ಕುಸಿಯಿತು. ಮದುವೆಯಾದವಳಲ್ಲ, ಹಿಂದೆ ಮುಂದೆ ಯಾರೂ ಇಲ್ಲ. ಪಕ್ಕದ ಮನೆಯವರು ಜಗಲಿ ಕೊಟ್ಟು, ಆಮೇಲೆ ಅದನ್ನೂ ಬಿಡಿ ಎಂದರು. ನಮ್ಮ ಬರ್ಗರ್ ಸಂಘ ನಡೆಸುತ್ತಿದ್ದ ವೃದ್ಧೆಯರ ಮನೆಯಲ್ಲಿ ಒಂದು ಕೋಣೆ ಖಾಲಿಯಿತ್ತು. ವಂಶಾವಳಿ ಸರಿಯಿದ್ದವರಿಗೆ ಮಾತ್ರ ಕೋಣೆ ಎಂಬುದು ನಿಯಮ. ಆಕೆ ಅರ್ಜಿಯ ಜೊತೆಗೆ ತಾನೇ ಬೇಯಿಸಿದ, ಡಚ್ಚರ ಕಾಲದ ಬ್ರೂಡರ್ ಎಂಬ ಸಿಹಿ ರೊಟ್ಟಿಯನ್ನೂ ತಂದಳು.

ನಾನು ಚರ್ಚಿನ ಹಳೆಯ ದಫ್ತರ ಬಿಚ್ಚಿ ಓದಿದೆ. ಪೆಟ್ರೊನೆಲ್ಲಾ ಬೋಗಾರ್ಸ್, ೧೮೪೦ರಲ್ಲಿ ದೀಕ್ಷಾಸ್ನಾನ. ಸಮಿತಿ ತಲೆದೂಗಿತು. ಅದೇ ಪೆಟ್ರೊನೆಲ್ಲಾ, ಎಂಟು ತಿಂಗಳಿಗೆ ಮರಣ. ತಲೆಗಳು ನಿಂತವು.

"ತಾಯೀ, ನೀವು ತೀರ್ಕೊಂಡಿದ್ದೀರಲ್ಲ!" ಎಂದರು ಅಧ್ಯಕ್ಷ ಲಾಂಬರ್ಟ್ ಕೋಪ್ಮನ್, ರೊಟ್ಟಿಯ ಎರಡನೆಯ ಹೋಳಿಗೆ ಬೆಣ್ಣೆ ಸವರುತ್ತಾ.

"ಅದು ನಮ್ಮಕ್ಕ ಕಣ್ರೀ. ಅವಳು ಹೋದ್ಮೇಲೆ ನಾನು ಹುಟ್ಟಿದ್ದು. ಅಜ್ಜಿ ಹೆಸರು ಖಾಲಿ ಬೀಳಬಾರ್ದು ಅಂತ ನಂಗಿಟ್ರು. ನಮ್ಮವರ ಮನೇಲೆಲ್ಲ ಹಾಗೇ ತಾನೆ?"

"ಹಾಗಾದ್ರೆ ನಿಮ್ಮ ದೀಕ್ಷಾಸ್ನಾನ ಎಲ್ಲಿ ಬರ್ದಿದೆ?"

"ಬರ್ಸಿಲ್ಲ. ಹೆಸರು ಆಗ್ಲೇ ಪುಸ್ತಕದಲ್ಲಿದೆ, ಮತ್ಯಾಕೆ ಮಸಿ ದಂಡ ಅಂದ್ರಂತೆ ಅಪ್ಪ. ಗುಮಾಸ್ತನೂ ಹೂಂ ಅಂದ್ನಂತೆ."

ಡಚ್ಚರ ಜಿಪುಣತನ ಲೋಕಕ್ಕೇ ಗೊತ್ತು, ಆಕೆ ಅಪ್ಪಟ ಡಚ್ಚಳು ಎಂಬುದಕ್ಕೆ ಇದಕ್ಕಿಂತ ಹೆಚ್ಚಿನ ಸಾಕ್ಷಿ ಬೇಕೇ ಎಂದು ನನಗನ್ನಿಸಿತು. ಸಮಿತಿಗೆ ಅನ್ನಿಸಲಿಲ್ಲ.

"ಹುಟ್ಟದೇ ಇರೋರಿಗೆಲ್ಲ ಕೋಣೆ ಕೊಟ್ರೆ, ನಾಳೆ ಎಷ್ಟು ಜನ ಹುಟ್ಟದೆ ಬಂದು ಬಾಗ್ಲಲ್ಲಿ ನಿಲ್ತಾರೋ!" ಎಂದ ಒಬ್ಬ ಸದಸ್ಯ.

ರೊಟ್ಟಿ ಮುಗಿಯುವವರೆಗೂ ಚರ್ಚೆ ನಡೆಯಿತು. ಕೊನೆಗೆ ಕೋಪ್ಮನ್ ದಾರಿ ಕಂಡುಹಿಡಿದರು. "ಆ ಸಾವನ್ನ ಹೊಡ್ದು ಹಾಕ್ಬಿಡೋಣ. ಗುಮಾಸ್ತನ ಕೈತಪ್ಪು ಅಂತ. ಮಗು ಸಾಯ್ಲೇ ಇಲ್ಲ, ಅದೇ ನೀವು. ಒಂದು ರುಜು ಹಾಕಿ, ಬೀಗದ ಕೈ ತಗೊಳ್ಳಿ."

ನಾನು ಲೇಖನಿಯನ್ನು ಮಸಿಗೆ ಅದ್ದಿ ಕೊಟ್ಟೆ. ಆಕೆ ತೆಗೆದುಕೊಂಡಳು, ಆ ಸಾಲನ್ನು ನೋಡಿದಳು, ಲೇಖನಿ ಕೆಳಗಿಟ್ಟಳು.

"ಆಗಲ್ಲ ಕಣ್ರೀ. ಆ ಕೂಸಿಗೆ ಇಡೀ ಲೋಕದಲ್ಲಿ ಇರೋದು ಎರಡೇ ಸಾಲು. ಹೆಸರು ನಾನಾಗ್ಲೇ ಕಿತ್ಕೊಂಡಿದ್ದೀನಿ. ಸಾವನ್ನೂ ಕಿತ್ಕೋಬೇಕಾ?"

"ಹಠ ಮಾಡ್ಬೇಡಿ. ರಾತ್ರಿ ಎಲ್ಲಿ ಮಲಗ್ತೀರಿ?"

"ಗೊತ್ತಿಲ್ಲ." ಆಕೆ ನನ್ನ ಕಡೆ ತಿರುಗಿದಳು. "ಮಾಟಿ, ಅಧ್ಯಕ್ಷರದ್ದೂ ಒಂಚೂರು ಓದಪ್ಪ."

ಓದಬಾರದಿತ್ತು. ಮುದುಕಿಯ ಮೇಲೂ ನಮ್ಮ ಮೇಲೂ ನನಗೆ ಸಿಟ್ಟು ಬಂದಿದ್ದರಿಂದ ಓದಿದೆ. ಲಾಂಬರ್ಟ್ ಕೋಪ್ಮನ್, ೧೮೩೭ರಲ್ಲಿ ದೀಕ್ಷಾಸ್ನಾನ, ಮೂರು ವಾರಕ್ಕೆ ಮರಣ. ಇನ್ನೊಬ್ಬ ಲಾಂಬರ್ಟ್ ಆ ಪುಸ್ತಕದಲ್ಲಿ ಎಲ್ಲೂ ಇರಲಿಲ್ಲ. ಮಸಿ ಉಳಿಸಿದ ಅಪ್ಪಂದಿರು ಊರ ತುಂಬ ಇದ್ದರು. ಉಳಿದ ಸದಸ್ಯರೂ ಗಾಬರಿಯಾಗಿ ತಮ್ಮ ತಮ್ಮ ಹೆಸರು ಹುಡುಕಿಸಿದರು. ಐವರಲ್ಲಿ ಮೂವರು ತೀರಿಕೊಂಡಿದ್ದರು. ಸಭೆ ನಡೆಸಲು ಬೇಕಾದಷ್ಟು ಜೀವಂತ ಜನ ಇಲ್ಲ ಎಂದು ನಾನು ನಡಾವಳಿಯಲ್ಲಿ ಬರೆದುಕೊಂಡೆ.

ಕೋಪ್ಮನ್ ಮಾತ್ರ ಆ ಪುಟ ಬಿಟ್ಟು ಕಣ್ಣೆತ್ತಲಿಲ್ಲ. "ನಂಗೊಬ್ಬ ಅಣ್ಣ ಇದ್ನಾ?" ಎಂದರು. "ಮನೇಲಿ ಯಾರೂ ಹೇಳ್ಲೇ ಇಲ್ಲ. ನಿಮಗೆ ಹೇಗೆ ಗೊತ್ತು?"

"ಸ್ಮಶಾನದಲ್ಲಿ ನಮ್ಮಕ್ಕನ ಪಕ್ಕದಲ್ಲೇ ಮಲಗಿದಾನೆ. ಕಲ್ಲಿನ ಮೇಲೆ ನಿಮ್ಮ ಹೆಸ್ರೇ ಇದೆ. ಅವನ್ನ ನೋಡೋಕೆ ಯಾರೂ ಬರಲ್ಲ ಅಂತ ಅಮ್ಮ ಅವನಿಗೂ ಒಂದು ಹೂವು ಇಡ್ತಿದ್ಲು. ಈಗ ನಾನಿಡ್ತೀನಿ."

ಕೋಪ್ಮನ್ ಬೀಗದ ಕೈ ತೆಗೆದು ಆಕೆಯ ಅಂಗೈಯಲ್ಲಿಟ್ಟರು. ನಿಯಮ ಏನಾಯ್ತು ಎಂದು ಯಾರೋ ಗೊಣಗಿದರು, ಅಧ್ಯಕ್ಷರಿಗೆ ಕೇಳಿಸಲಿಲ್ಲ.

"ನಡೀರಿ, ತೋರ್ಸಿ," ಎಂದರು.

ಟೊಪ್ಪಿಯನ್ನೂ ತೆಗೆದುಕೊಳ್ಳದೆ, ಆ ಬಿಸಿಲಲ್ಲಿ ಎಪ್ಪತ್ತರ ಮುದುಕ ಆಕೆಯ ಹಿಂದೆ ಹೊರಟರು, ಮೂರು ವಾರದ ಅಣ್ಣನನ್ನು ನೋಡಲು.